ಹೊಟ್ಟೆನೋವೆಲ್ಲ ಊಟದ ತಪ್ಪಲ್ಲ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನಮ್ಮ ಹಿರಿಯರು ತಲೆತಲಾಂತರದ ಅನುಭವದಿಂದ ಹೇಳಿದ್ದಾರೆ. ಅನ್ನದ ವ್ಯವಹಾರದಲ್ಲಿಯೇ ಬಹುಕಾಲ ಕಳೆದು, ಆ ಬಳಿಕ ಲೇಖನಿಯನ್ನು ಹಿಡಿದ ನಮಗೆ ಆ ಮಾತಿನ ಬೆಲೆ ಚೆನ್ನಾಗಿ ಗೊತ್ತು. ಆದರೆ ಒಳ್ಳೆಯ ಗಾದೆಯನ್ನೂ ಹೊತ್ತುಗೊತ್ತಿಲ್ಲದೆ ಬಳಸಿದರೆ ಕೇಡಾಗುತ್ತದೆ. ಹೊಟ್ಟೆ ಹಿಡಿದುಕೊಂಡು ಕುಳಿತ ಪ್ರತಿಯೊಬ್ಬನಿಗೂ ‘ಏನು ತಿಂದೆಯೋ?’ ಎಂಬ ಒಂದೇ ಪ್ರಶ್ನೆಯನ್ನು ಹಾಕಿ, ಒಂದು ಸೋಡಾವನ್ನೋ ಗ್ಯಾಸಿನ ಗುಳಿಗೆಯನ್ನೋ ಕೊಟ್ಟು ಕೆಲಸಕ್ಕೆ ಅಟ್ಟುವ ಪದ್ಧತಿಯು ನಮ್ಮ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ಬೇರೂರಿಬಿಟ್ಟಿದೆ. ಬಹುಪಾಲು ಸಲ ಅಷ್ಟರಿಂದಲೇ ಗುಣವಾಗುವುದೂ ಉಂಟು. ಗುಣವಾಗದೆ ಉಳಿಯುವ ಆ ಕೆಲವರ ಗತಿ ಏನಾಗುತ್ತದೆಂಬುದನ್ನು ಕುರಿತು ಇಂದು ನಾಲ್ಕು ಮಾತು ಬರೆಯುವುದು ಕರ್ತವ್ಯವೆಂದು ನಾವು ಭಾವಿಸಿದ್ದೇವೆ.

ನಾವು ಹೇಳಹೊರಟಿರುವುದು ರಕ್ತನಾಳಗಳ ಉರಿಯೂತವೆಂಬ ರೋಗದ ವಿಷಯವನ್ನು. ಡಾಕ್ಟರರು ಇದನ್ನು ‘ವ್ಯಾಸ್ಕ್ಯುಲೈಟಿಸ್’ ಎಂದು ಕರೆಯುತ್ತಾರೆ. ಹೊರಗಿನ ಶತ್ರುಗಳಿಂದ ನಮ್ಮನ್ನು ಕಾಯಬೇಕಾದ ದೇಹದ ರಕ್ಷಣಾಶಕ್ತಿಯೇ ತಿರುಗಿಬಿದ್ದು ರಕ್ತನಾಳಗಳ ಗೋಡೆಯನ್ನು ಹಾಳುಮಾಡುವುದು ಈ ರೋಗದ ಸ್ವರೂಪ. ಗೋಡೆಯು ಊದಿಕೊಂಡು ನಾಳದ ದಾರಿ ಇಕ್ಕಟ್ಟಾಗುತ್ತದೆ. ಕೆಲವೆಡೆ ಪೂರ್ತಿ ಮುಚ್ಚಿಹೋಗುತ್ತದೆ. ಇನ್ನು ಕೆಲವೆಡೆ ದುರ್ಬಲವಾಗಿ ಗುಳ್ಳೆಯಂತೆ ಉಬ್ಬುತ್ತದೆ. ರಕ್ತನಾಳವಿಲ್ಲದ ಅಂಗವೇ ದೇಹದಲ್ಲಿ ಅಪೂರ್ವವಾದುದರಿಂದ ಈ ರೋಗವು ಚರ್ಮ, ನರ, ಮೂತ್ರಪಿಂಡ, ಕಣ್ಣು, ಶ್ವಾಸಕೋಶ ಇವುಗಳಲ್ಲಿ ಎಲ್ಲಿ ಬೇಕಾದರೂ ತಲೆಯೆತ್ತಬಹುದು. ಕರುಳಿಗೆ ರಕ್ತವನ್ನೊಯ್ಯುವ ನಾಳಗಳಿಗೆ ತಗಲಿದಾಗ ಅದು ಹೊಟ್ಟೆನೋವಿನ ವೇಷವನ್ನು ಧರಿಸಿ ಬರುತ್ತದೆ. ನಮಗೆ ಕಳವಳವನ್ನು ಉಂಟುಮಾಡಿರುವುದು ಈ ವೇಷವೇ.

ಈ ರೋಗದ ಚರಿತ್ರೆಯು ಒಬ್ಬ ಬಡ ಕೆಲಸಗಾರನಿಂದ ಮೊದಲಾಗುತ್ತದೆಂಬುದು ನಮ್ಮ ವಾಚಕರು ಗಮನಿಸತಕ್ಕ ಸಂಗತಿ. ಜರ್ಮನಿಯ ಫ್ರೈಬರ್ಗ್ ಪಟ್ಟಣದ ಆಸ್ಪತ್ರೆಗೆ ೨೭ ವರ್ಷದ ಒಬ್ಬ ದರ್ಜಿ ಬಂದನು. ಅವನು ಸ್ವಂತ ಅಂಗಡಿಯಿದ್ದವನಲ್ಲ. ಇನ್ನೊಬ್ಬರಲ್ಲಿ ಕೂಲಿಗೆ ಹೊಲಿಯುವ ಆಳು. ಜ್ವರ, ಹೊಟ್ಟೆಯಲ್ಲಿ ನೋವು, ಕೈಗಳಲ್ಲಿ ಜೋಮು, ದಿನದಿಂದ ದಿನಕ್ಕೆ ಉಡುಗಿಹೋಗುವ ಸ್ನಾಯುಗಳ ಬಲ, ಕೆಟ್ಟುಹೋದ ಮೂತ್ರಪಿಂಡ ಇವೆಲ್ಲ ಒಟ್ಟಿಗೆ ಅವನನ್ನು ಮುತ್ತಿದ್ದವು. ಕೆಲವೇ ವಾರಗಳಲ್ಲಿ ಅವನು ತೀರಿಕೊಂಡನು. ಅಡಾಲ್ಫ್ ಕುಸ್‌ಮೌಲ್ ಮತ್ತು ರುಡಾಲ್ಫ್ ಮಾಯರ್ ಎಂಬ ಇಬ್ಬರು ವೈದ್ಯರು ಅವನ ದೇಹವನ್ನು ಪರೀಕ್ಷಿಸಿದಾಗ ಮಧ್ಯಮ ಗಾತ್ರದ ರಕ್ತನಾಳಗಳ ಉದ್ದಕ್ಕೂ ಬರಿಗಣ್ಣಿಗೆ ಕಾಣುವಂತಹ ಸಣ್ಣ ಸಣ್ಣ ಗಂಟುಗಳಿದ್ದವು. ೧೮೬೬ರಲ್ಲಿ ಅವರು ಪ್ರಕಟಿಸಿದ ಆ ವರದಿಯಿಂದಲೇ ಈ ರೋಗಕ್ಕೆ ಹೆಸರು ಬಂದಿತು. ಈಗ ಅದನ್ನು ‘ಪಾಲಿಆರ್ಟರೈಟಿಸ್ ನೊಡೋಸಾ’ ಎನ್ನುತ್ತಾರೆ. ಗಂಟುಗಂಟಾದ ನಾಳಗಳ ಉರಿಯೂತವೆಂದು ಅರ್ಥ. ಆ ದರ್ಜಿಯ ಕಾಲದಲ್ಲಿ ರೋಗವನ್ನು ಗುರುತಿಸುವುದಕ್ಕೆ ಮರಣದ ಹೊರತು ಬೇರೆ ದಾರಿಯಿರಲಿಲ್ಲ. ಇಂದು ದಾರಿಗಳಿವೆ. ದಾರಿಗಳಿದ್ದೂ ರೋಗಿಯು ಆಸ್ಪತ್ರೆಯ ಬಾಗಿಲಿಗೆ ತಡವಾಗಿ ಬಂದರೆ ಆ ತಪ್ಪು ವಿಜ್ಞಾನದ್ದಲ್ಲ.

ನೋವು ಏಕೆ ಬರುತ್ತದೆಂಬುದನ್ನು ಹೋಟೆಲಿನವರಿಗೆ ವಿವರಿಸುವುದು ಕಷ್ಟವಲ್ಲ. ಬೆಳಗಿನ ಗಿರಾಕಿಗಳ ಗದ್ದಲದ ಹೊತ್ತಿನಲ್ಲಿ ಅಡುಗೆಮನೆಯ ನಲ್ಲಿಗಳನ್ನೆಲ್ಲ ಒಮ್ಮೆಲೇ ತಿರುಗಿಸಿದಾಗ, ಕೊಳವೆಯೊಳಗೆ ತುಕ್ಕು ಕಟ್ಟಿ ದಾರಿ ಕಿರಿದಾಗಿದ್ದರೆ ನೀರು ಹೇಗೆ ಸಾಲದೆ ಬರುತ್ತದೆಯೋ ಹಾಗೆಯೇ ಇದು. ಕರುಳು ಬರಿದಾಗಿರುವಾಗ ಅದಕ್ಕೆ ಬೇಕಾಗುವ ರಕ್ತ ಸ್ವಲ್ಪ; ಊಟವಾದ ಮೇಲೆ ಜೀರ್ಣಿಸುವ ಕೆಲಸಕ್ಕಾಗಿ ಬಹಳ ಬೇಕು. ನಾಳವು ಇಕ್ಕಟ್ಟಾಗಿದ್ದರೆ ಆ ಹೊತ್ತಿಗೆ ಸಾಲುವಷ್ಟು ರಕ್ತ ಬಾರದೆ ಕರುಳು ನೋವಿನಿಂದ ಕೂಗಿಕೊಳ್ಳುತ್ತದೆ. ಊಟವಾಗಿ ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಹೊಕ್ಕುಳಿನ ಸುತ್ತ ಹಿಂಡಿದಂತೆ ಏಳುವ ನೋವಿನ ಕಾರಣ ಇದೇ. ನಾಳವು ಪೂರ್ತಿ ಕಟ್ಟಿಹೋದರೆ ಕರುಳಿನ ಆ ಭಾಗವೇ ಸಾಯುತ್ತದೆ, ತೂತು ಬೀಳುತ್ತದೆ, ರಕ್ತ ಸೋರುತ್ತದೆ. ಆಗ ಉಳಿಯುವುದು ಗಂಟೆಗಳ ಲೆಕ್ಕ ಮಾತ್ರ.

ಒಬ್ಬ ಸಪ್ಲಾಯರನನ್ನು ಊಹಿಸಿಕೊಳ್ಳೋಣ. ಎರಡು ತಿಂಗಳಿಂದ ಉಂಡ ಮೇಲೆ ಅವನಿಗೆ ನೋವು. ನೋವಿನ ಹೆದರಿಕೆಯಿಂದ ಅವನು ಊಟವನ್ನೇ ಕಡಿಮೆ ಮಾಡಿದ್ದಾನೆ. ಪಂಕ್ತಿಯಲ್ಲಿ ಕುಳಿತು ಅರ್ಧ ಅನ್ನವನ್ನು ಬಿಟ್ಟೇಳುತ್ತಾನೆ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ. ಸಂಜೆಗೆ ಸಣ್ಣ ಜ್ವರ ಬರುತ್ತದೆ. ಮೀನಖಂಡ ಹಿಡಿಯುತ್ತದೆ, ಅದು ನಿಂತು ಕೆಲಸ ಮಾಡುವುದರಿಂದ ಬಂದುದೆಂದು ಅವನೇ ಸಮಾಧಾನ ಹೇಳಿಕೊಳ್ಳುತ್ತಾನೆ. ಪಾದದಲ್ಲಿ ಜೋಮು, ಕೆಲವು ದಿನಗಳಿಂದ ಚಪ್ಪಲಿ ಕಾಲಿನಿಂದ ಜಾರಿದರೂ ಗೊತ್ತಾಗುವುದಿಲ್ಲ. ಕಾಲಿನ ಚರ್ಮದಲ್ಲಿ ಬಲೆಯಂತೆ ನೇರಳೆ ಗೆರೆಗಳು, ಒಂದೆರಡು ಗಂಟುಗಳು. ವೃಷಣದಲ್ಲಿ ನೋವಿದ್ದರೆ ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ರಕ್ತದೊತ್ತಡ ಏರಿದ್ದರೆ ಅದನ್ನು ನೋಡಿದವರೇ ಇಲ್ಲ. ಅವನು ಹೊಟ್ಟೆಗಾಗಿ ಒಂದು ಕಡೆ, ಕಾಲಿಗಾಗಿ ಇನ್ನೊಂದು ಕಡೆ, ಜ್ವರಕ್ಕಾಗಿ ಮತ್ತೊಂದು ಕಡೆ ಮದ್ದು ಕೇಳುತ್ತಾನೆ. ಮೂರು ಕಡೆಯ ಮೂವರೂ ತಮಗೆ ಕಂಡ ತುಂಡಿಗೆ ಔಷಧ ಕೊಡುತ್ತಾರೆ. ತುಂಡುಗಳನ್ನು ಜೋಡಿಸಿ ನೋಡಿದವನಿಗೆ ಮಾತ್ರ ರೋಗದ ಮುಖವು ಕಾಣುತ್ತದೆ. ಹೊಟ್ಟೆನೋವಿನ ಜೊತೆಗೆ ಜ್ವರ, ತೂಕದ ಇಳಿತ, ಚರ್ಮದ ಗುರುತು, ಕೈಕಾಲಿನ ಜೋಮು, ಮೂತ್ರದಲ್ಲಿ ರಕ್ತ, ಹೊಸದಾಗಿ ಬಂದ ರಕ್ತದೊತ್ತಡ ಇವುಗಳಲ್ಲಿ ಒಂದೆರಡಾದರೂ ಕೂಡಿದ್ದರೆ ಅದನ್ನು ಗ್ಯಾಸಿನ ಲೆಕ್ಕಕ್ಕೆ ಬರೆಯಕೂಡದೆಂಬುದೇ ನಮ್ಮ ಲೇಖನದ ಸಾರ.

ಈ ಉರಿಯೂತದಲ್ಲಿ ಜಾತಿಗಳು ಹಲವು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಸಣ್ಣ ನಾಳಗಳಿಗೆ ತಗಲುವ ಬಗೆ. ೧೮೩೭ರಲ್ಲಿ ಶೇನ್‌ಲೈನ್ ಎಂಬ ವೈದ್ಯನೂ ಆತನ ತರುವಾಯ ಹೆನೋಕ್ ಎಂಬ ವೈದ್ಯನೂ ಇದನ್ನು ವಿವರಿಸಿದರು. ನೆಗಡಿ, ಗಂಟಲುನೋವು ಬಂದುಹೋದ ಒಂದೆರಡು ವಾರಗಳಲ್ಲಿ ಕಾಲು ಮತ್ತು ಪೃಷ್ಠದ ಮೇಲೆ ಕೈಗೆ ಹತ್ತುವಂತಹ ಕೆಂಪು-ನೇರಳೆ ಚುಕ್ಕೆಗಳು, ಕೀಲುಗಳಲ್ಲಿ ಬಾವು, ಹೊಟ್ಟೆಯಲ್ಲಿ ಮುರಿತ, ಮಲದಲ್ಲಿ ರಕ್ತ ಕಾಣಿಸಿಕೊಳ್ಳುತ್ತವೆ. ಕೆಲವು ಮಕ್ಕಳಲ್ಲಿ ಚುಕ್ಕೆಗಳು ಏಳುವ ಮೊದಲೇ ಹೊಟ್ಟೆನೋವು ಬರುವುದರಿಂದ ಅಪೆಂಡಿಕ್ಸ್ ಎಂದು ಭ್ರಮೆಯಾಗುವುದುಂಟು. ಬಹಳ ಮಕ್ಕಳು ಗುಣಮುಖರಾಗುತ್ತಾರೆ. ಆದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆಯೇ ಎಂದು ತಿಂಗಳುಗಳ ಕಾಲ ಮೂತ್ರ ಪರೀಕ್ಷೆ ಮಾಡಿಸುತ್ತಿರಬೇಕು. ಚುಕ್ಕೆಗಳು ಮಾಯವಾದವೆಂದು ತಾಯಂದಿರು ಇದನ್ನು ಮರೆಯಬಾರದು.

ಜಪಾನಿನ ಕಣ್ಣಿನ ವೈದ್ಯ ತಕಯಾಸು ೧೯೦೮ರಲ್ಲಿ ಬೆಳಕಿಗೆ ತಂದ ಬಗೆಯು ದೊಡ್ಡ ನಾಳಗಳಿಗೆ ಸಂಬಂಧಿಸಿದುದು. ಇದು ನಮ್ಮ ದೇಶದಲ್ಲಿಯೂ ಕಂಡುಬರುವ ರೋಗ. ಹೆಚ್ಚಾಗಿ ಎಳೆಯ ಪ್ರಾಯದ ಹೆಂಗಸರಿಗೆ ಬರುತ್ತದೆ. ಕೈಯ ನಾಡಿ ಸಿಕ್ಕದಿರುವುದು, ಎರಡು ಕೈಗಳಲ್ಲಿ ರಕ್ತದೊತ್ತಡವು ಬೇರೆ ಬೇರೆಯಾಗಿರುವುದು ಇದರ ಸುಳಿವು. ಹೊಟ್ಟೆಯ ಮಹಾನಾಳಕ್ಕೆ ತಗಲಿದರೆ ಉಂಡ ಮೇಲಿನ ನೋವೂ ಬರುತ್ತದೆ. ತುರ್ಕಿಯ ವೈದ್ಯ ಹುಲುಸಿ ಬೆಹ್ಚೆತ್ ೧೯೩೭ರಲ್ಲಿ ವಿವರಿಸಿದ ಬಗೆಯಲ್ಲಿ ಬಾಯಿಹುಣ್ಣು, ಗುಪ್ತಾಂಗದ ಹುಣ್ಣು, ಕಣ್ಣಿನ ಉರಿ ಇವುಗಳ ಜೊತೆಗೆ ಸಣ್ಣ ಕರುಳೂ ದೊಡ್ಡ ಕರುಳೂ ಕೂಡುವೆಡೆ ಆಳವಾದ ಹುಣ್ಣುಗಳಾಗುತ್ತವೆ. ಕರುಳಿನ ಕ್ಷಯವೂ ಅದೇ ಜಾಗದಲ್ಲಿ ಹುಣ್ಣು ಮಾಡುವುದರಿಂದ ನಮ್ಮ ದೇಶದ ವೈದ್ಯರಿಗೆ ಇವೆರಡನ್ನು ಬೇರ್ಪಡಿಸುವುದು ದೊಡ್ಡ ಪರೀಕ್ಷೆಯೇ ಸರಿ. ಇನ್ನು ಬೀಡಿ-ಸಿಗರೇಟಿನವರಿಗೆ ಬರುವ ಬರ್ಜರ್ ರೋಗವೆಂಬುದು ಕಾಲ್ಬೆರಳುಗಳನ್ನು ಕಪ್ಪಾಗಿಸಿ ಕೊಳೆಯಿಸುವುದೇ ಹೆಚ್ಚಾದರೂ ಅಪರೂಪಕ್ಕೆ ಕರುಳಿನ ನಾಳವನ್ನೂ ಹಿಡಿಯುತ್ತದೆ. ಅದಕ್ಕೆ ಮುಖ್ಯ ಔಷಧವೆಂದರೆ ತಂಬಾಕನ್ನು ಸಂಪೂರ್ಣವಾಗಿ ಬಿಡುವುದು. ಹಿಂಬಾಗಿಲಿನ ಮೆಟ್ಟಲ ಮೇಲೆ ಕುಳಿತು ಬೀಡಿ ಎಳೆಯುವ ನಮ್ಮ ಹುಡುಗರು ಈ ಮಾತನ್ನು ಕಿವಿಗೆ ಹಾಕಿಕೊಳ್ಳಲಿ.

ಈಗ ರೋಗ ನಿರ್ಣಯದ ಮಾತು. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬಂತೆ ಉಂಡ ಮೇಲೆ ನೋಯುವುದೆಲ್ಲ ಈ ರೋಗವಲ್ಲ. ಜಠರದ ಹುಣ್ಣು, ಪಿತ್ತಕೋಶದ ಕಲ್ಲು, ಆಮಶಂಕೆ, ಟೈಫಾಯಿಡ್, ಕ್ಷಯ, ಕ್ರೋನ್ ರೋಗ, ಅರ್ಬುದ, ವಯಸ್ಸಾದವರಲ್ಲಿ ನಾಳದೊಳಗೆ ಕೊಬ್ಬು ಕಟ್ಟುವುದು ಇವೆಲ್ಲವೂ ಇದಕ್ಕಿಂತ ಸಾಮಾನ್ಯ. ಇವುಗಳನ್ನೆಲ್ಲ ಒಂದೊಂದಾಗಿ ಬದಿಗೆ ಸರಿಸುತ್ತ ಬಂದರೆ ಮಾತ್ರ ಈ ರೋಗದ ಹೆಸರನ್ನು ಹೇಳಬಹುದು. ಒಂದೇ ಒಂದು ರಕ್ತ ಪರೀಕ್ಷೆಯಿಂದ ‘ಹೌದು’ ಅಥವಾ ‘ಅಲ್ಲ’ ಎಂದು ತೀರ್ಪು ಕೊಡುವ ವಿಧಾನ ಇದಕ್ಕಿಲ್ಲ. ಇ.ಎಸ್.ಆರ್., ಸಿ.ಆರ್.ಪಿ. ಎಂಬ ಪರೀಕ್ಷೆಗಳು ದೇಹದಲ್ಲೆಲ್ಲೋ ಬೆಂಕಿಯಿದೆ ಎಂಬುದನ್ನು ತಿಳಿಸುತ್ತವೆಯೇ ಹೊರತು ಎಲ್ಲಿ, ಏಕೆ ಎಂಬುದನ್ನಲ್ಲ. ಮೂತ್ರ ಪರೀಕ್ಷೆಯೂ ಕ್ರಿಯಾಟಿನಿನ್ ಪರೀಕ್ಷೆಯೂ ಮೂತ್ರಪಿಂಡದ ಸ್ಥಿತಿಯನ್ನು ಹೇಳುತ್ತವೆ. ೧೯೮೦ರ ದಶಕದಲ್ಲಿ ಬಳಕೆಗೆ ಬಂದ ‘ಆಂಕಾ’ ಎಂಬ ರಕ್ತ ಪರೀಕ್ಷೆಯು ಸಣ್ಣ ನಾಳಗಳ ಕೆಲವು ಉರಿಯೂತಗಳನ್ನು ಹಿಡಿದುಕೊಡುತ್ತದೆ. ಆದರೆ ಆ ದರ್ಜಿಗೆ ಬಂದಂತಹ ರೋಗದಲ್ಲಿ ಅದು ಸಾಮಾನ್ಯವಾಗಿ ಏನನ್ನೂ ತೋರಿಸುವುದಿಲ್ಲ.

ಇಲ್ಲಿ ವಾಚಕರು ತಿಳಿದಿರಬೇಕಾದ ಒಂದು ಮುಖ್ಯ ಸಂಗತಿಯಿದೆ. ಬಾಯಿಯಿಂದ ನಳಿಗೆ ಇಳಿಸಿ ನೋಡುವ ಎಂಡೋಸ್ಕೋಪಿಯಲ್ಲಿ ವೈದ್ಯರು ಚಿವುಟಿ ತೆಗೆಯುವುದು ಕರುಳಿನ ಮೇಲ್ಪದರದ ಸಣ್ಣ ತುಣುಕನ್ನು. ರೋಗ ಹಿಡಿದ ನಾಳಗಳು ಅದಕ್ಕಿಂತ ಕೆಳಗಿನ ಪದರದಲ್ಲಿರುತ್ತವೆ. ಆದುದರಿಂದ ಆ ವರದಿಯಲ್ಲಿ ‘ವಿಶೇಷವೇನೂ ಇಲ್ಲ’ ಎಂದು ಬಂದ ಮಾತ್ರಕ್ಕೆ ರೋಗವಿಲ್ಲವೆಂದು ಭಾವಿಸಬಾರದು. ಸೋನೋಗ್ರಫಿಯಲ್ಲಿಯೂ ಇದು ಕಣ್ಣಿಗೆ ಬೀಳದೆ ಹೋಗಬಹುದು. ರಕ್ತನಾಳಕ್ಕೆ ಬಣ್ಣದ ದ್ರವವನ್ನು ಹಾಯಿಸಿ ತೆಗೆಯುವ ಸಿ.ಟಿ. ಆಂಜಿಯೋಗ್ರಫಿ ಎಂಬ ಚಿತ್ರದಲ್ಲಿ ಇಕ್ಕಟ್ಟಾದ ನಾಳಗಳೂ ಅಲ್ಲಲ್ಲಿ ಮಣಿಗಳಂತೆ ಉಬ್ಬಿದ ಪುಟ್ಟ ಗುಳ್ಳೆಗಳೂ ಕಾಣುತ್ತವೆ. ತೀರ ಸಣ್ಣ ನಾಳಗಳನ್ನು ನೋಡಲು ನಾಳದೊಳಗೆ ಸಪೂರ ಕೊಳವೆಯನ್ನು ತೂರಿಸಿ ತೆಗೆಯುವ ಹಳೆಯ ವಿಧಾನವೇ ಮೇಲು. ಆ ಬಣ್ಣದ ದ್ರವವು ಮೂತ್ರಪಿಂಡಕ್ಕೆ ಭಾರವಾಗುವುದರಿಂದ ಮುಂಚಿತವಾಗಿ ಕ್ರಿಯಾಟಿನಿನ್ ನೋಡಲೇಬೇಕು. ಕಾಲಿನ ಚರ್ಮದಲ್ಲಿ ಗಂಟಿದ್ದರೆ ಅಲ್ಲಿಂದಲೇ, ಜೋಮು ಹಿಡಿದ ನರವಿದ್ದರೆ ಆ ನರದಿಂದಲೇ ಸಣ್ಣ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅನೇಕ ಸಲ ಕರುಳನ್ನು ಕೊಯ್ಯುವುದಕ್ಕಿಂತ ಸುಲಭವೂ ಸುರಕ್ಷಿತವೂ ಆಗಿರುತ್ತದೆ. ಹೊಟ್ಟೆಯ ರೋಗದ ಗುಟ್ಟು ಕಾಲಿನಲ್ಲಿ ಸಿಕ್ಕುವುದೆಂದರೆ ಇದೇ. ಆದಕಾರಣ ‘ನನ್ನದು ಹೊಟ್ಟೆಯ ತೊಂದರೆ, ಕಾಲಿನ ಮಾತೇಕೆ’ ಎಂದು ಯಾರೂ ಡಾಕ್ಟರರಲ್ಲಿ ಏನನ್ನೂ ಮುಚ್ಚಿಡಕೂಡದು.

ಈ ರೋಗಕ್ಕೂ ಹೆಪಟೈಟಿಸ್-ಬಿ ಎಂಬ ಕಾಮಾಲೆಯ ವೈರಸ್ಸಿಗೂ ಇರುವ ನಂಟು ೧೯೭೦ರಲ್ಲಿ ಹೊರಬಿದ್ದಿತು. ಆ ವೈರಸ್ಸಿನ ಗುರುತನ್ನು ರಕ್ತದಲ್ಲಿ ಮೊದಲು ಕಂಡುಹಿಡಿದ ಬರೂಕ್ ಬ್ಲಂಬರ್ಗ್ ಅವರಿಗೆ ೧೯೭೬ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಗಂಟುನಾಳದ ರೋಗವಿರುವ ಕೆಲವರಲ್ಲಿ ಮೂಲ ಕಾರಣವು ಈ ವೈರಸ್ಸೇ ಆಗಿರುತ್ತದೆ. ಅಂಥವರಿಗೆ ಚಿಕಿತ್ಸೆಯ ಕ್ರಮವೇ ಬೇರೆ. ಆದುದರಿಂದ ಔಷಧ ಆರಂಭಿಸುವ ಮುನ್ನ ಈ ಪರೀಕ್ಷೆಯಾಗುವುದು ಅವಶ್ಯ. ಲಸಿಕೆ ಹಾಕಿಸುವುದೂ ರಕ್ತವನ್ನು ಪರೀಕ್ಷಿಸಿಯೇ ಕೊಡುವುದೂ ರೂಢಿಗೆ ಬಂದ ದೇಶಗಳಲ್ಲಿ ಈ ಬಗೆಯ ರೋಗಿಗಳ ಸಂಖ್ಯೆ ಬಹಳ ಇಳಿದಿದೆ. ಮೂರು ಚುಚ್ಚುಮದ್ದಿನ ಈ ಲಸಿಕೆಯನ್ನು ದೊಡ್ಡವರೂ ಹಾಕಿಸಿಕೊಳ್ಳಬಹುದು. ಈ ಸಂದರ್ಭದಲ್ಲಿ ಹೋಟೆಲು ಮಾಲಿಕರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕಾಗಿದೆ. ಹೆಪಟೈಟಿಸ್-ಬಿ ಹರಡುವುದು ರಕ್ತದಿಂದ, ಶುದ್ಧಿ ಮಾಡದ ಸೂಜಿಯಿಂದ, ಒಬ್ಬರ ಕ್ಷೌರದ ಬ್ಲೇಡನ್ನು ಇನ್ನೊಬ್ಬರು ಬಳಸುವುದರಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ. ಬಡಿಸುವುದರಿಂದ, ಒಂದೇ ಪಂಕ್ತಿಯಲ್ಲಿ ಉಣ್ಣುವುದರಿಂದ, ಲೋಟ-ತಟ್ಟೆಯಿಂದ ಅದು ಹರಡುವುದಿಲ್ಲ. ವರದಿಯಲ್ಲಿ ಈ ಹೆಸರನ್ನು ಕಂಡೊಡನೆ ಹುಡುಗನ ಲೆಕ್ಕ ತೀರಿಸಿ ಕಳುಹಿಸುವುದು ಅಜ್ಞಾನವೂ ಹೌದು, ಅನ್ಯಾಯವೂ ಹೌದು.

ಚಿಕಿತ್ಸೆಯ ವಿಷಯದಲ್ಲಿ ನಿರಾಶರಾಗಬೇಕಾದ ಕಾಲ ಹೋಯಿತು. ಔಷಧವಿಲ್ಲದ ದಿನಗಳಲ್ಲಿ ಗಂಟುನಾಳದ ರೋಗಿಗಳಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ ಸುಮಾರು ೧೩ ಮಂದಿ. ೧೯೪೮ರಲ್ಲಿ ಕೀಲುವಾತದ ರೋಗಿಗೆ ಮೊದಲು ಕೊಡಲ್ಪಟ್ಟ ಕಾರ್ಟಿಸೋನ್ ಮತ್ತು ಅದರ ವಂಶದ ಸ್ಟಿರಾಯಿಡ್ ಔಷಧಗಳು ಈ ರೋಗದ ಹಣೆಬರಹವನ್ನೇ ಬದಲಿಸಿದವು. ೧೯೭೯ರಲ್ಲಿ ಅಮೆರಿಕದ ಆಂಟನಿ ಫೌಚಿ ಮತ್ತು ಸಂಗಡಿಗರು ಸೈಕ್ಲೋಫಾಸ್ಫಮೈಡ್ ಎಂಬ ಔಷಧದಿಂದ ತೀವ್ರ ರೋಗಿಗಳೂ ಚೇತರಿಸಿಕೊಂಡುದನ್ನು ವರದಿ ಮಾಡಿದರು. ಕರುಳಿಗೆ ರೋಗ ತಗಲಿರುವುದು ಅಪಾಯದ ಲಕ್ಷಣವೆಂದು ತಜ್ಞರು ಎಣಿಸುವುದರಿಂದ ಅಂಥವರಿಗೆ ಮೊದಲಿನಿಂದಲೇ ಬಲವಾದ ಚಿಕಿತ್ಸೆ ಬೇಕಾಗುತ್ತದೆ. ವೇಳೆಗೆ ಸರಿಯಾಗಿ ಚಿಕಿತ್ಸೆ ದೊರೆತರೆ ಬಹುಜನರು ಬದುಕುತ್ತಾರೆ, ಕೆಲಸಕ್ಕೂ ಮರಳುತ್ತಾರೆ.

ಆದರೆ ಈ ಸ್ಟಿರಾಯಿಡ್ ಎಂಬುದು ಎರಡಲಗಿನ ಕತ್ತಿ. ಅದು ನೋವನ್ನೂ ಜ್ವರವನ್ನೂ ಬೇಗನೆ ಅಡಗಿಸುವುದರಿಂದ ನಮ್ಮ ಗಲ್ಲಿಗಳಲ್ಲಿ ಓದು-ಪದವಿಯಿಲ್ಲದ ವೈದ್ಯರೆನಿಸಿಕೊಂಡವರು ಅದನ್ನು ಹೆಸರು ಹೇಳದೆ ಪುಡಿಯಲ್ಲಿ ಬೆರೆಸಿ ಕೊಡುವುದುಂಟು. ರೋಗಿಯು ‘ಕೈಗುಣ ಒಳ್ಳೆಯದು’ ಎಂದು ಹೊಗಳುತ್ತಾನೆ. ಒಳಗೆ ಕ್ಷಯವಿದ್ದರೆ ಅದು ಹೊತ್ತಿಕೊಳ್ಳುತ್ತದೆ. ಕರುಳಿನಲ್ಲಿ ತೂತು ಬಿದ್ದರೂ ಹೊಟ್ಟೆಯ ನೋವು, ಬಿಗಿತಗಳು ಮುಚ್ಚಿಹೋಗುತ್ತವೆ. ತಿಂಗಳುಗಟ್ಟಲೆ ನುಂಗಿದ ಬಳಿಕ ಥಟ್ಟನೆ ನಿಲ್ಲಿಸಿದರೆ ದೇಹವು ತನ್ನದೇ ರಸವನ್ನು ಒದಗಿಸಲಾರದೆ ಪ್ರಾಣಕ್ಕೇ ಸಂಚಕಾರ ಬರಬಹುದು. ಊರಿಗೆ ಹೊರಟ ಮನುಷ್ಯನು ಬಸ್ಸಿನ ಟಿಕೇಟನ್ನು ಮರೆಯುವುದಿಲ್ಲ, ತಂಗಿಗೆ ಕೊಂಡ ಸೀರೆಯನ್ನು ಮರೆಯುವುದಿಲ್ಲ, ಗುಳಿಗೆಯ ಪೊಟ್ಟಣವನ್ನು ಮಾತ್ರ ಮರೆಯುತ್ತಾನೆ. ಹದಿನೈದು ದಿನ ಔಷಧವಿಲ್ಲದೆ ಉಳಿಯುತ್ತಾನೆ. ಡಾಕ್ಟರರ ಮಾತಿಲ್ಲದೆ ಈ ಗುಳಿಗೆಯನ್ನು ಆರಂಭಿಸಲೂ ಬಾರದು, ನಿಲ್ಲಿಸಲೂ ಬಾರದು. ಹಾಗೆಯೇ ಮೈಕೈ ನೋವಿಗೆಂದು ದಿನಕ್ಕೆ ಮೂರು ನೋವುನಿವಾರಕ ನುಂಗುವ ಅಭ್ಯಾಸವು ಜಠರದಲ್ಲಿ ಹುಣ್ಣು ಮಾಡಿ ರಕ್ತ ಸೋರಿಸುತ್ತದೆಂಬುದನ್ನೂ ನೆನಪಿಡಬೇಕು.

ಇಷ್ಟೆಲ್ಲ ಓದಿದ ಮೇಲೆ ಕೆಲವರು ಕೇಳಬಹುದು: ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಕೆಲವರಿಗೆ ಮಾತ್ರ ಬರುವ ರೋಗಕ್ಕೆ ಪತ್ರಿಕೆಯಲ್ಲಿ ಇಷ್ಟು ಸ್ಥಳವೇಕೆ? ಪ್ರಶ್ನೆ ನ್ಯಾಯವಾದುದೇ. ನಮ್ಮ ಉತ್ತರ ಎರಡು. ಮೊದಲನೆಯದು, ಆ ಕೆಲವರಲ್ಲಿ ಒಬ್ಬನು ನಮ್ಮವನಾದರೆ ಅವನ ಮನೆಗೆ ಅದು ಅಪರೂಪದ ರೋಗವಲ್ಲ. ಎರಡನೆಯದು ಇನ್ನೂ ಮುಖ್ಯ. ಈ ಅಪರೂಪದ ರೋಗವನ್ನು ಹಿಡಿಯುವ ಎಚ್ಚರಿಕೆಯೇ ಕರುಳಿನ ಕ್ಷಯವನ್ನೂ ಅರ್ಬುದವನ್ನೂ ಸೋರುವ ಹುಣ್ಣನ್ನೂ ಬೇಗ ಹಿಡಿಯುತ್ತದೆ. ಎರಡು ವಾರಗಳ ಮೇಲೂ ಬಿಡದ ನೋವು, ಕಾರಣವಿಲ್ಲದೆ ಇಳಿಯುವ ತೂಕ, ಬಿಟ್ಟುಬಿಟ್ಟು ಬರುವ ಜ್ವರ ಇವುಗಳಿಗೆ ಬೆಲೆ ಕೊಡುವುದನ್ನು ಕಲಿತ ಸಮಾಜಕ್ಕೆ ಒಂದಲ್ಲ, ಹತ್ತು ರೋಗಗಳಿಂದ ರಕ್ಷಣೆ ದೊರೆಯುತ್ತದೆ.

ಹಾಗಾದರೆ ಅಡ್ಡಿ ಎಲ್ಲಿದೆ? ನಾವು ಕಂಡಂತೆ ಅಡ್ಡಿಯು ಆಸ್ಪತ್ರೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಆಸ್ಪತ್ರೆಗೆ ಹೋಗುವ ಮುಂಚಿನ ದಾರಿಯಲ್ಲಿದೆ. ಕೆಲಸಗಾರನು ನೋವನ್ನು ಹೇಳುವುದಿಲ್ಲ. ಹೇಳಿದರೆ ‘ಕೆಲಸ ತಪ್ಪಿಸುವ ನೆಪ’ ಎನ್ನುತ್ತಾರೆಂಬ ಅಂಜಿಕೆ. ಸರಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗವು ನಡೆಯುವುದು ಬೆಳಗಿನ ಹೊತ್ತು. ಹೋಟೆಲಿನಲ್ಲಿ ಅದೇ ಹೊತ್ತಿಗೆ ಉಸಿರಾಡಲು ಬಿಡುವಿರುವುದಿಲ್ಲ. ಮಧ್ಯಾಹ್ನದ ಬಿಡುವಿಗೆ ತೆರೆದಿರುವುದು ಔಷಧದ ಅಂಗಡಿಯೊಂದೇ. ಹೀಗೆ ತಿಂಗಳುಗಳು ಸರಿಯುತ್ತವೆ. ಮಾಲಿಕ ಬಂಧುಗಳನ್ನು ನಾವು ಕೇಳಿಕೊಳ್ಳುವುದಿಷ್ಟೆ: ಹೊಟ್ಟೆನೋವೆಂದು ಎರಡನೆಯ ಸಲ ಹೇಳಿದ ಹುಡುಗನಿಗೆ ಸಂಬಳ ಕಡಿಯದೆ ಒಂದು ಬೆಳಗಿನ ರಜೆಯನ್ನು ಕೊಡಿರಿ. ಒಬ್ಬನಿಲ್ಲದೆ ಒಂದು ಬೆಳಗನ್ನು ನಿಭಾಯಿಸುವುದು ಎಷ್ಟು ಕಷ್ಟವೆಂಬುದು ನಮಗೆ ತಿಳಿಯದ ವಿಷಯವಲ್ಲ. ಆದರೆ ಅವನು ನೆಲಕ್ಕೆ ಬಿದ್ದ ಮೇಲೆ ತಿಂಗಳುಗಳನ್ನೇ ನಿಭಾಯಿಸಬೇಕಾದೀತು.

ಇದರೊಂದಿಗೆ ಇ.ಎಸ್.ಐ. ಎಂದು ಎಲ್ಲರೂ ಬಲ್ಲ ನೌಕರರ ರಾಜ್ಯ ವಿಮೆಯ ಮಾತೂ ಬರುತ್ತದೆ. ೧೯೪೮ರ ಕಾಯಿದೆಯಿಂದ ಹುಟ್ಟಿದ ಈ ಯೋಜನೆಯಲ್ಲಿ ೨೦೧೯ರ ಜುಲೈಯಲ್ಲಿ ನಿಗದಿಯಾದಂತೆ ಮಾಲಿಕನ ಪಾಲು ಸಂಬಳದ ನೂರಕ್ಕೆ ೩.೨೫, ಕೆಲಸಗಾರನ ಪಾಲು ನೂರಕ್ಕೆ ೦.೭೫. ಹನ್ನೆರಡು ಸಾವಿರದ ಸಂಬಳಕ್ಕೆ ಲೆಕ್ಕ ಹಾಕಿದರೆ ತಿಂಗಳಿಗೆ ಮಾಲಿಕನದು ೩೯೦ ರೂಪಾಯಿ, ಕೆಲಸಗಾರನದು ೯೦ ರೂಪಾಯಿ. ಇಷ್ಟಕ್ಕೆ ಅವನಿಗೂ ಅವನ ಕುಟುಂಬಕ್ಕೂ ವೈದ್ಯಕೀಯ ಚಿಕಿತ್ಸೆ. ನಿಯಮದಂತೆ ವಂತಿಗೆ ಸಂದಿದ್ದರೆ ಕಾಯಿಲೆಯ ಕಾಲದಲ್ಲಿ ವರ್ಷಕ್ಕೆ ೯೧ ದಿನಗಳವರೆಗೆ ಸಂಬಳದ ನೂರಕ್ಕೆ ೭೦ರಷ್ಟು ಭತ್ಯ. ನಾವು ಹೇಳುತ್ತಿರುವಂತಹ ದೀರ್ಘ ರೋಗದಲ್ಲಿ ಇದು ಬಡವನಿಗೆ ಎಷ್ಟು ದೊಡ್ಡ ಆಸರೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳನ್ನು ಬಿಟ್ಟು ಈ ವಂತಿಗೆಯನ್ನು ಉಳಿಸಿಕೊಳ್ಳುವವರಿದ್ದಾರೆ. ಅಂಥವರು ಉಳಿಸುವುದು ೩೯೦ ರೂಪಾಯಿ. ಕಸಿಯುವುದು ಒಬ್ಬ ಮನುಷ್ಯನ ಬದುಕುವ ಅವಕಾಶ. ಇದನ್ನು ಲಾಭವೆಂದು ಕರೆಯಲು ನಮ್ಮ ಲೇಖನಿ ಒಪ್ಪುವುದಿಲ್ಲ. ಕೆಲಸಗಾರರೂ ‘ಕೈಗೆ ಬರುವ ಸಂಬಳ ಕಡಿಮೆಯಾಗುತ್ತದೆ’ ಎಂದು ವಿಮೆಯನ್ನು ಬೇಡವೆನ್ನುವುದನ್ನು ಬಿಡಬೇಕು.

ಗುಮಾಸ್ತ ಬಂಧುಗಳಿಗೂ ಒಂದು ಕೆಲಸವಿದೆ. ಪರಊರಿನಲ್ಲಿ ಕನ್ನಡಿಗ ರೋಗಿಯ ದೊಡ್ಡ ಕಷ್ಟವೆಂದರೆ ಭಾಷೆ. ಮರಾಠಿಯಲ್ಲೋ ತಮಿಳಿನಲ್ಲೋ ಹಿಂದಿಯಲ್ಲೋ ಗಿರಾಕಿಗೆ ಬೇಕಾದ ಮಾತನ್ನು ಚುರುಕಾಗಿ ಆಡುವ ನಮ್ಮ ಹುಡುಗನಿಗೆ ತನ್ನ ನೋವಿನ ಬಗೆಯನ್ನು ಆ ಭಾಷೆಯಲ್ಲಿ ಬಣ್ಣಿಸಲು ಬರುವುದಿಲ್ಲ. ಜನಜಂಗುಳಿಯ ನಡುವೆ ಡಾಕ್ಟರರಿಗಿರುವುದು ಕೆಲವೇ ನಿಮಿಷ. ‘ಹೊಟ್ಟೆನೋವು’ ಎಂಬ ಒಂದೇ ಶಬ್ದವನ್ನು ಹೇಳಿ ಅವನು ಹೊರಬೀಳುತ್ತಾನೆ. ಆ ಒಂದು ಶಬ್ದಕ್ಕೆ ತಕ್ಕ ಔಷಧವೇ ಸಿಕ್ಕುತ್ತದೆ. ಬರೆಯಬಲ್ಲ ಗುಮಾಸ್ತರು ಭಾನುವಾರ ಅರ್ಧ ಗಂಟೆ ಕುಳಿತು ಒಂದು ಹಾಳೆಯಲ್ಲಿ ಅವನ ಸಮಾಚಾರವನ್ನು ಬರೆದುಕೊಡಲಿ: ನೋವು ಎಂದಿನಿಂದ, ಊಟವಾಗಿ ಎಷ್ಟು ಹೊತ್ತಿಗೆ, ಎಷ್ಟು ಹೊತ್ತು, ಆರು ತಿಂಗಳ ಹಿಂದಿನ ತೂಕ ಮತ್ತು ಇಂದಿನದು, ಜ್ವರ, ಚರ್ಮದ ಗುರುತು, ಜೋಮು, ಬಾಯಿಹುಣ್ಣು, ಮೂತ್ರ-ಮಲದ ಬಣ್ಣ, ಈವರೆಗೆ ನುಂಗಿದ ಔಷಧಗಳು, ಬೀಡಿ-ಮದ್ಯದ ಅಭ್ಯಾಸ, ಹಿಂದೆ ಕಾಮಾಲೆ, ಕ್ಷಯ ಬಂದಿದ್ದರೆ ಅದು. ಇಂತಹ ಒಂದು ಹಾಳೆಯು ಡಾಕ್ಟರರ ಕೈಗೆ ಕೊಡುವ ದೀಪ. ರಾತ್ರಿಶಾಲೆಗಳನ್ನು ಕಟ್ಟಿ ಹೋಟೆಲು ಹುಡುಗರಿಗೆ ಅಕ್ಷರ ಕಲಿಸಿದ ಪರಂಪರೆಯು ಮುಂಬಯಿ ಕನ್ನಡಿಗರದು. ಈ ಸೇವೆಯೂ ಅದೇ ದಾರಿಯಲ್ಲಿದೆ. ನಮ್ಮ ಸಂಘಗಳು ಸನ್ಮಾನ-ಶಾಲುಗಳ ಖರ್ಚಿನಲ್ಲಿ ಸ್ವಲ್ಪವನ್ನು ಉಳಿಸಿ, ರೋಗಿಯೊಡನೆ ಆಸ್ಪತ್ರೆಗೆ ಹೋಗಬಲ್ಲ ಒಬ್ಬಿಬ್ಬರನ್ನು ಗೊತ್ತುಪಡಿಸಿದರೆ ಅದಕ್ಕಿಂತ ದೊಡ್ಡ ಕನ್ನಡ ಕಾರ್ಯ ಬೇರೊಂದಿಲ್ಲ.

ಎಲ್ಲಿಗೆ ಹೋಗಬೇಕೆಂಬುದನ್ನೂ ಹೇಳಿಬಿಡೋಣ. ಮೊದಲು ಹತ್ತಿರದ, ಪದವಿ ಪಡೆದ ಸಾಮಾನ್ಯ ವೈದ್ಯರಲ್ಲಿಗೆ. ಸಂಶಯ ಬಂದರೆ ಮುಂಬಯಿಯ ಕೆ.ಇ.ಎಂ., ಸಾಯನ್, ನಾಯರ್, ಪುಣೆಯ ಸಸೂನ್, ಚೆನ್ನೈಯ ಸರಕಾರಿ ಜನರಲ್ ಆಸ್ಪತ್ರೆ, ಹೈದರಾಬಾದಿನ ನಿಮ್ಸ್, ದಿಲ್ಲಿಯ ಏಮ್ಸ್ ಇಂತಹ ದೊಡ್ಡ ಸಾರ್ವಜನಿಕ ಆಸ್ಪತ್ರೆಗಳಿಗೆ. ಈ ರೋಗವನ್ನು ವಿಶೇಷವಾಗಿ ಬಲ್ಲವರು ‘ರುಮಟಾಲಜಿಸ್ಟ್’ ಎನಿಸಿದ ವಾತರೋಗ ತಜ್ಞರು. ಹೊಟ್ಟೆನೋವಿಗೆ ಕೀಲಿನ ಡಾಕ್ಟರರಲ್ಲಿಗೆ ಕಳುಹಿಸಿದರೆಂದು ರೋಗಿಯು ಗಾಬರಿಪಡಬೇಕಾಗಿಲ್ಲ. ಇನ್ನು ಹೊಟ್ಟೆಯು ಥಟ್ಟನೆ ಹಲಗೆಯಂತೆ ಬಿಗಿದರೆ, ತಡೆಯಲಾಗದ ನೋವು ಎದ್ದರೆ, ರಕ್ತ ವಾಂತಿಯಾದರೆ, ಮಲವು ಡಾಂಬರಿನಂತೆ ಕಪ್ಪಾದರೆ ಬೆಳಗಾಗುವುದನ್ನು ಕಾಯದೆ ಅದೇ ಗಳಿಗೆಯಲ್ಲಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಒಯ್ಯಬೇಕು. ಆಗ ಗಲ್ಲದ ಹಣ, ಬಾಕಿ, ಮುಂಗಡ ಎಂದು ಯಾರೂ ಲೆಕ್ಕ ನೋಡಕೂಡದು.

ಕೊನೆಯದಾಗಿ ಊರಿಗೆ ಮರಳುವವರ ಮಾತು. ತಿಂಗಳುಗಟ್ಟಲೆ ನರಳಿ ಸೋತ ಹುಡುಗನನ್ನು ‘ಊರ ನೀರು ಕುಡಿದರೆ ಸರಿಯಾದೀತು’ ಎಂದು ಬಸ್ಸು ಹತ್ತಿಸುವುದುಂಟು. ಅಲ್ಲಿ ತಾಯಿಯು ಎಲುಬು ಕಾಣುವ ಮಗನನ್ನು ಕಂಡು ಕಂಗಾಲಾಗುತ್ತಾಳೆ. ನೆರೆಯವರು ‘ಪರಊರಿನಲ್ಲಿ ಯಾರೋ ಕೈವಿಷ ಹಾಕಿದ್ದಾರೆ’ ಎನ್ನುತ್ತಾರೆ. ಅದನ್ನು ಕಕ್ಕಿಸುವವರಲ್ಲಿಗೆ ಕರೆದೊಯ್ಯುತ್ತಾರೆ. ಆ ತಾಯಿಯ ಭಕ್ತಿಯನ್ನು ನಾವು ಹಳಿಯುವುದಿಲ್ಲ. ದೈವಕ್ಕೆ ಹರಕೆ ಹೇಳಿಕೊಳ್ಳಲಿ, ಕಾಣಿಕೆ ಹಾಕಲಿ. ಆದರೆ ರಕ್ತ ಬಾರದೆ ಸಾಯುತ್ತಿರುವ ಕರುಳಿಗೆ ವಾಂತಿಯ ಮದ್ದನ್ನು ಕುಡಿಸುವುದು ಕೇಡಿಗೇ ದಾರಿ. ಊರಿಗೆ ಹೋಗುವವನ ಕೈಯಲ್ಲಿ ಈವರೆಗಿನ ವರದಿ, ಚೀಟಿ, ಚಿತ್ರಗಳೆಲ್ಲವೂ ಒಂದೇ ಚೀಲದಲ್ಲಿರಲಿ. ಮಂಗಳೂರು, ಮಣಿಪಾಲಗಳ ಆಸ್ಪತ್ರೆಯಲ್ಲಿ ಮತ್ತೆ ಮೊದಲಿನಿಂದ ಆರಂಭಿಸುವ ಪಾಡು ತಪ್ಪುತ್ತದೆ. ಕಾಗದವನ್ನು ಕಳೆದುಕೊಂಡ ರೋಗಿಯು ಕಾಲವನ್ನೂ ಕಳೆದುಕೊಳ್ಳುತ್ತಾನೆ.

ನಾವೆಲ್ಲರೂ ಹೊಟ್ಟೆಪಾಡಿಗಾಗಿ ಊರು ಬಿಟ್ಟವರು. ಇತರರ ಹೊಟ್ಟೆಯನ್ನು ತುಂಬಿಸುವುದೇ ನಮ್ಮಲ್ಲಿ ಹಲ ಮಂದಿಯ ಕಸುಬು. ಗಿರಾಕಿಯು ಒಂದು ದೋಸೆಯನ್ನು ಅರ್ಧಕ್ಕೆ ಬಿಟ್ಟು ಎದ್ದರೆ ‘ಏನು ಸ್ವಾಮಿ, ರುಚಿಯಾಗಲಿಲ್ಲವೇ?’ ಎಂದು ವಿಚಾರಿಸುವ ನಾವು, ನಮ್ಮೊಡನೆ ಉಣ್ಣುವ ಹುಡುಗನು ದಿನವೂ ಅರ್ಧ ಅನ್ನ ಬಿಟ್ಟೇಳುವುದನ್ನು ಕಂಡೂ ಕಾಣದಂತಿರುವುದು ತರವಲ್ಲ. ಅವನನ್ನು ಕರೆದು ಕೇಳಿರಿ, ‘ಏನು ತಿಂದೆ?’ ಎಂದಷ್ಟೇ ಅಲ್ಲ, ‘ಎಷ್ಟು ದಿನದಿಂದ? ಬೇರೆ ಏನೇನಾಗುತ್ತಿದೆ?’ ಎಂದು ಕೇಳಿರಿ. ರೋಗ ನಿರ್ಣಯವು ಡಾಕ್ಟರರ ಕೆಲಸ. ಆದರೆ ಆ ಮೊದಲ ಪ್ರಶ್ನೆಯನ್ನು ಕೇಳುವುದು ನಮ್ಮೆಲ್ಲರ ಕೆಲಸ. ನಮ್ಮ ಮಾಲಿಕರೂ ಕೆಲಸಗಾರರೂ ಗುಮಾಸ್ತ ಬಂಧುಗಳೂ ಇದನ್ನು ಮನಸ್ಸಿಗೆ ತಂದುಕೊಳ್ಳುವರೆಂದು ನಂಬಿದ್ದೇವೆ.